ನೆಟ್ ಹೋದ ಕೂಡಲೇ ಕೈ ಚೆಲ್ಲುವ ಸಾಫ್ಟ್‌ವೇರ್ ಕೊಡಗಿಗೆ ಯಾಕೆ?

ಬೆಟ್ಟದಸರ್ವರ್:

ಜೂನ್ ಬಂತು. ಇನ್ನು ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು, ಮಾದಾಪುರ, ಶಾಂತಳ್ಳಿ ಕಡೆಯವರಿಗೆ ಕರೆಂಟೂ ನೆಟ್ಟೂ ನೆಂಟರಿದ್ದ ಹಾಗೆ. ಬಂದಾಗ ಬಂತು, ಹೋದಾಗ ಹೋಯಿತು. ಪ್ರತಿ ವರ್ಷ ಈ ಹೊತ್ತಿಗೆ ಇಲ್ಲಿ ಟವರಿನವರಿಗೆ ಬೈಗುಳ ಶುರುವಾಗುತ್ತದೆ. ಈ ಸಲ ನಾನು ಬೇರೆಯವರನ್ನು ಬೈಯೋಣ ಅಂತಿದ್ದೇನೆ. ಸಾಫ್ಟ್‌ವೇರ್ ಬರೆಯುವವರನ್ನು.

ನೆಟ್ ಹೋಗುವುದು ಹೇಗೆ ಅಂತ ನಿಮಗೆಲ್ಲ ಗೊತ್ತು. ಗಾಳಿಗೆ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬೀಳುತ್ತದೆ. ಕರೆಂಟು ಹೋಗುತ್ತದೆ. ಫೈಬರ್ ಕೇಬಲ್ ಕೂಡ ಎಷ್ಟೋ ಕಡೆ ಅದೇ ಕಂಬದ ಮೇಲೆ ಇದೆ, ಅದೂ ತುಂಡಾಗುತ್ತದೆ. ಟವರು ಬ್ಯಾಟರಿಯಲ್ಲಿ ಒಂದಷ್ಟು ಗಂಟೆ ನಡೆಯುತ್ತದೆ. ಆಮೇಲೆ ಡೀಸೆಲ್ ಬೇಕು. ಡೀಸೆಲ್ ತರುವ ಜೀಪಿಗೆ ರಸ್ತೆ ಬೇಕು. ರಸ್ತೆಗೆ ಅಡ್ಡ ಇನ್ನೊಂದು ಮರ. ಇಷ್ಟು ಮಳೆ, ಇಷ್ಟು ಮರ ಇರುವ ಜಾಗದಲ್ಲಿ ನೆಟ್ ಆಗಾಗ ಹೋಗಿಯೇ ಹೋಗುತ್ತದೆ. ಯಾವ ಕಂಪನಿ ಬಂದರೂ ಇಷ್ಟೇ.

ಸರಿ, ನೆಟ್ ಹೋಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದೆ. ಲೆಕ್ಕ ಬರೆಯಲು, ಪತ್ರ ಟೈಪ್ ಮಾಡಲು, ಹಳೆಯ ಫೋಟೋ ನೋಡಲು ನೆಟ್ ಯಾಕೆ ಬೇಕು? ಆದರೂ ಬೇಕು ಅಂತ ಕೂತಿರುತ್ತದೆ. ಲಾಗಿನ್ ಕೇಳುತ್ತದೆ. ಚಕ್ರ ತಿರುಗಿಸುತ್ತದೆ. ಕಾಯುವುದಷ್ಟೇ ನಮ್ಮ ಕೆಲಸ.

ದೊಡ್ಡ ಉದಾಹರಣೆ ವಿಂಡೋಸ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಹಾಕಿಕೊಳ್ಳಿ ಅಂದರು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಹೊಸತೋ ಬೇಕು. ಅದೆಲ್ಲ ಇದ್ದರೂ, ಹೋಮ್ ಆವೃತ್ತಿಯಲ್ಲಿ ಮೊದಲ ಸಲ ಆನ್ ಮಾಡುವಾಗ ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ದುಡ್ಡು ಕೊಟ್ಟು ತಂದ ಕಂಪ್ಯೂಟರ್, ನಮ್ಮದೇ ಮನೆಯ ಮೇಜಿನ ಮೇಲಿದೆ. ಅದನ್ನು ಶುರುಮಾಡಲು ಇನ್ನೊಬ್ಬರ ಸರ್ವರ್ ಹೂಂ ಅನ್ನಬೇಕು. ಇದನ್ನು ಬರೆದವರು ಜುಲೈಯಲ್ಲಿ ಒಂದು ವಾರ ಕಕ್ಕಬ್ಬೆಯಲ್ಲಿ ಇದ್ದು ಹೋಗಬೇಕಿತ್ತು.

ಇದು ಬರೀ ಬೆಟ್ಟದವರ ತಾಪತ್ರಯ ಅಂದುಕೊಳ್ಳಬೇಡಿ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡಿನ ವರ್ಜೀನಿಯಾ ಕೇಂದ್ರದಲ್ಲಿ ಡಿಎನ್‌ಎಸ್ ದಾಖಲೆಯೊಂದು, ಅಂದರೆ ಹೆಸರು ಹೇಳಿದರೆ ಸರ್ವರಿನ ವಿಳಾಸ ಕೊಡುವ ಪಟ್ಟಿಯ ಒಂದು ಸಾಲು, ಖಾಲಿಯಾಯಿತು. ಜಗತ್ತಿನ ಅರ್ಧ ಆ್ಯಪ್‌ಗಳು ಮಲಗಿದವೇನೋ ಅನ್ನುವ ಹಾಗಾಯಿತು. ಮುಂದಿನ ತಿಂಗಳು 18ಕ್ಕೆ ಕ್ಲೌಡ್‌ಫ್ಲೇರ್ ಸರದಿ, ಎಷ್ಟೋ ವೆಬ್‌ಸೈಟುಗಳು ಇದರ ಮೂಲಕವೇ ನಮಗೆ ಬರುವುದು. ಊರ ತುಂಬ ಫೈಬರ್ ಇರುವವರೂ ನಮ್ಮ ಹಾಗೇ ಕೂತಿದ್ದರು.

ಇಂಕ್ ಆ್ಯಂಡ್ ಸ್ವಿಚ್ ಎಂಬ ಸಂಶೋಧನಾ ಗುಂಪು 2019ರಲ್ಲಿ ಇದಕ್ಕೆ ಒಂದು ದಾರಿ ಬರೆಯಿತು. ಲೋಕಲ್-ಫಸ್ಟ್ ಅಂತ ಕರೆದರು. ಮಾಹಿತಿಯ ಅಸಲು ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇರಬೇಕು. ಸರ್ವರಿನಲ್ಲಿ ಇರುವುದು ನಕಲು. ನೆಟ್ ಇದ್ದಾಗ ಎರಡೂ ಮಾತಾಡಿಕೊಳ್ಳಲಿ, ಇಲ್ಲದಾಗ ನಿಮ್ಮ ಕೆಲಸ ನಿಮ್ಮ ಪಾಡಿಗೆ ನಡೆಯಲಿ. ನನ್ನ ವಾದವೂ ಅಷ್ಟೇ. ನೆಟ್ ಇರುವುದು ಸಾಗಿಸಲು. ಕೆಲಸ ನಡೆಯುವುದು ನಮ್ಮಲ್ಲಿ. ಯಾವುದೇ ಸಾಫ್ಟ್‌ವೇರ್ ತೆಗೆದುಕೊಳ್ಳುವ ಮೊದಲು ಏರೋಪ್ಲೇನ್ ಮೋಡ್ ಹಾಕಿ ತೆರೆದು ನೋಡಿ. ತೆರೆಯದಿದ್ದರೆ ಅದು ನಿಮ್ಮದಲ್ಲ, ಬಾಡಿಗೆಯದು.

ಬೈಯುವವರು ಬೈಯಬಹುದು.

ಕೋಡ್‌ಕೂಲಿ:

ಬೈಯಲು ಬಂದೆ ಅಣ್ಣ. ನಾನು ವಿರಾಜಪೇಟೆಯವನು, ಈಗ ಬೆಂಗಳೂರಿನಲ್ಲಿ ಇಂಥದ್ದನ್ನೇ ಬರೆದು ಹೊಟ್ಟೆ ಹೊರೆಯುವವನು.

ನೀವು ಹೇಳುವಷ್ಟು ಸುಲಭ ಇಲ್ಲ. ಒಂದು ಅಂಗಡಿ ಅಂದುಕೊಳ್ಳಿ. ಎರಡು ಫೋನಿನಲ್ಲಿ ಸ್ಟಾಕ್ ಲೆಕ್ಕ ಇದೆ, ನೆಟ್ ಇಲ್ಲ. ಗೋದಾಮಿನಲ್ಲಿ ಉಳಿದದ್ದು ಒಂದೇ ಮೂಟೆ ಗೊಬ್ಬರ. ಗೋಣಿಕೊಪ್ಪದಲ್ಲಿ ಕೂತವನು ಅದನ್ನು ಒಬ್ಬರಿಗೆ ಮಾರಿದ. ಪೊನ್ನಂಪೇಟೆಯಲ್ಲಿ ಕೂತವನು ಅದನ್ನೇ ಇನ್ನೊಬ್ಬರಿಗೆ ಮಾರಿದ. ಸಂಜೆ ನೆಟ್ ಬಂತು. ಈಗ ಯಾರ ಮಾತು ನಡೆಯಬೇಕು? ಕೊನೆಯಲ್ಲಿ ಬರೆದವರ ಮಾತು ಅನ್ನೋಣ ಅಂದರೆ ಫೋನಿನ ಗಡಿಯಾರವನ್ನು ನಂಬಬೇಕು. ಗಡಿಯಾರ ಹಿಂದೆ ಮುಂದೆ ಇರುತ್ತದೆ. ಸಿಆರ್‌ಡಿಟಿ ಅಂತ ಒಂದು ಉಪಾಯ ಇದೆ, ಇಬ್ಬರು ಬರೆದ ಪಠ್ಯವನ್ನು ಜಗಳ ಇಲ್ಲದೆ ಸೇರಿಸಲು ಅದು ಚೆನ್ನಾಗಿದೆ. ಆದರೆ ಒಂದು ಮೂಟೆಯನ್ನು ಎರಡು ಮಾಡಲು ಅದಕ್ಕೂ ಆಗುವುದಿಲ್ಲ.

ಸರ್ವರಿನಲ್ಲಿ ಒಂದೇ ಅಸಲು ಇಟ್ಟರೆ ಈ ತಲೆನೋವೇ ಇಲ್ಲ. ಅದಕ್ಕೇ ಎಲ್ಲರೂ ಹಾಗೆ ಬರೆಯುತ್ತಾರೆ. ಸೋಮಾರಿತನ ಅನ್ನಬೇಡಿ.

ಬೆಟ್ಟದಸರ್ವರ್:

> ಒಂದು ಮೂಟೆಯನ್ನು ಎರಡು ಮಾಡಲು ಅದಕ್ಕೂ ಆಗುವುದಿಲ್ಲ.

ಒಪ್ಪುತ್ತೇನೆ. ಬ್ಯಾಂಕು, ಬಸ್ ಸೀಟು, ಗೋದಾಮು ಇಂಥ ಕಡೆ ಒಂದೇ ಅಸಲು ಬೇಕು. ಆದರೆ ನನ್ನ ಮನೆಯ ಖರ್ಚಿನ ಲೆಕ್ಕವನ್ನು ಬರೆಯುವವನು ನಾನೊಬ್ಬನೇ. ನನ್ನ ಮಗಳ ನೋಟ್ಸ್ ಅವಳೊಬ್ಬಳದೇ. ಅವುಗಳಿಗೂ ಯಾಕೆ ಸರ್ವರ್? ನೀವು ಹೇಳಿದ ಕಷ್ಟ ಇರುವುದು ಕೆಲವೇ ಕಡೆ. ಆ ಕಷ್ಟದ ಹೆಸರಿನಲ್ಲಿ ಎಲ್ಲವನ್ನೂ ಸರ್ವರಿಗೆ ಕಟ್ಟಿಹಾಕಿದ್ದೀರಿ. ಯಾಕೆಂದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಅಡೋಬಿ 2013ರಲ್ಲಿ ಡಬ್ಬಿಯಲ್ಲಿ ಮಾರುವುದನ್ನು ಬಿಟ್ಟು ಚಂದಾಕ್ಕೆ ಹೋದದ್ದು ಗೊಬ್ಬರದ ಮೂಟೆಯ ಸಮಸ್ಯೆಗಲ್ಲ.

ಮತ್ತೆ, ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳಲು ನೀವು ದಿನಾ ಬಳಸುವ ಗಿಟ್ ಹೇಗಿದೆ? 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು. ಪ್ರತಿಯೊಬ್ಬರ ಹತ್ತಿರ ಪೂರ್ತಿ ಪ್ರತಿ ಇರುತ್ತದೆ. ನೆಟ್ ಇಲ್ಲದೆಯೇ ವಾರಗಟ್ಟಲೆ ಕೆಲಸ ಮಾಡಿ ಆಮೇಲೆ ಸೇರಿಸಬಹುದು. ಪ್ರೋಗ್ರಾಮರ್‌ಗಳು ತಮಗೆ ಬೇಕಾದದ್ದನ್ನು ಲೋಕಲ್-ಫಸ್ಟ್ ಮಾಡಿಕೊಂಡಿದ್ದಾರೆ, ನಮಗೆ ಚಕ್ರ ಕೊಟ್ಟಿದ್ದಾರೆ.

ಕೋಡ್‌ಕೂಲಿ:

ಆ ಕೊನೇ ಸಾಲು ಸ್ವಲ್ಪ ಜಾಸ್ತಿ ಆಯಿತು. ಆದರೆ ನಕ್ಕೆ.

ಮಕ್ಕಂದೂರಿನವಳು:

ನಿಮ್ಮಿಬ್ಬರ ಮಾತಿಗೆ ಒಂದು ಸೇರಿಸಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಿದವರು ನಾವು. ನನ್ನ ಅಣ್ಣನ ಕಂಪ್ಯೂಟರ್, ಅದರ ಪಕ್ಕದಲ್ಲೇ ಇಟ್ಟಿದ್ದ ಹಾರ್ಡ್ ಡಿಸ್ಕ್, ಮನೆಯ ಕಾಗದಪತ್ರ, ಆಲ್ಬಮ್ ಎಲ್ಲ ಮಣ್ಣಿನಡಿ ಹೋಯಿತು. ಉಳಿದ ಫೋಟೋ ಯಾವುದು ಗೊತ್ತಾ? ನಾನು ಸುಮ್ನೆ ಫೋನಿನಿಂದ ಗೂಗಲ್‌ಗೆ ಹೋಗಲು ಬಿಟ್ಟಿದ್ದವು. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಸಿಕ್ಕಿದ್ದು ಯಾರಿಗೋ ಕಳಿಸಿದ್ದ ಇಮೇಲಿನಲ್ಲಿ.

ಎಲ್ಲ ನಮ್ಮ ಮನೆಯಲ್ಲೇ ಇರಲಿ ಅನ್ನುವುದು ಕೇಳಲು ಚೆನ್ನಾಗಿದೆ. ನಮ್ಮ ಮನೆಯೇ ಇಲ್ಲವಾದರೆ?

ಬೆಟ್ಟದಸರ್ವರ್:

ಅಕ್ಕ, ಇದಕ್ಕೆ ಎದುರು ಮಾತಾಡುವ ಧೈರ್ಯ ಯಾರಿಗೂ ಇಲ್ಲ. ಕೊಡಗಿನಲ್ಲಿ ಕೂತು ಬ್ಯಾಕಪ್ ಬಗ್ಗೆ ಮಾತಾಡುವವರು ಇದನ್ನು ಮೊದಲು ಓದಬೇಕು.

ನಾನು ಹೇಳುವುದರಲ್ಲಿ ನಕಲು ದೂರ ಇರಬಾರದು ಅಂತ ಇಲ್ಲ. ದೂರವೇ ಇರಬೇಕು. ಬ್ಯಾಕಪ್‌ನವರು 3-2-1 ಅನ್ನುತ್ತಾರೆ: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಆ ಬೇರೆ ಊರು ಇಲ್ಲಿನದೇ ಬೆಟ್ಟದ ಮೇಲಿನ ಇನ್ನೊಂದು ಮನೆ ಆಗಬಾರದು. ಮೈಸೂರು, ಹಾಸನ, ಬೆಂಗಳೂರು, ಎಲ್ಲಾದರೂ ಇರಲಿ.

ನಾನು ಸಿಂಕ್‌ಥಿಂಗ್ ಬಳಸುತ್ತೇನೆ. ಉಚಿತ, ಮುಕ್ತ ತಂತ್ರಾಂಶ. ನನ್ನ ಲ್ಯಾಪ್‌ಟಾಪ್ ಮತ್ತು ಮೈಸೂರಿನಲ್ಲಿರುವ ಚಿಕ್ಕಮ್ಮನ ಮನೆಯ ಹಳೇ ಕಂಪ್ಯೂಟರ್ ಒಂದಕ್ಕೊಂದು ಪರಿಚಯ. ನೆಟ್ ಬಂದಾಗ ಹೊಸ ಫೈಲುಗಳು ತಾವಾಗಿ ಹೋಗುತ್ತವೆ. ಮಧ್ಯದಲ್ಲಿ ಕಂಪನಿ ಇಲ್ಲ. ಒಂದೇ ಎಚ್ಚರ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅದಕ್ಕೆ ಆ ಕಡೆಯ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಆನ್ ಮಾಡಿಡಬೇಕು. ಇದನ್ನು ಮಾಡದೆ ಸಿಂಕ್ ಒಂದನ್ನೇ ಬ್ಯಾಕಪ್ ಅನ್ನಬೇಡಿ.

ಗೂಗಲ್‌ಗೆ ಹೋಗುವುದು ಹೋಗಲಿ, ತಪ್ಪಿಲ್ಲ. ಅಸಲು ನಿಮ್ಮ ಹತ್ತಿರವೂ ಇರಲಿ ಅನ್ನುವುದಷ್ಟೇ ಮಾತು.

ಮಕ್ಕಂದೂರಿನವಳು:

ಹಾಗಾದರೆ ಸರಿ. ಚಿಕ್ಕಮ್ಮ ಇಲ್ಲದವರಿಗೆ ಏನು ಅಂತ ಯಾರಾದರೂ ಹೇಳಿ.

ಕೋಡ್‌ಕೂಲಿ:

ಚಿಕ್ಕಮ್ಮ ಇಲ್ಲದವರು ಫೈಲನ್ನು ಮೊದಲು ಲಾಕ್ ಮಾಡಿ, ಆಮೇಲೆ ಯಾವ ಕ್ಲೌಡಿಗೆ ಬೇಕಾದರೂ ಹಾಕಬಹುದು. ಕ್ರಿಪ್ಟೊಮೇಟರ್ ಅಂತ ಇದೆ. ಪಾಸ್‌ವರ್ಡ್, ರಿಕವರಿ ಕೀ ಎರಡೂ ಕಳೆದುಹೋದರೆ ಮಾತ್ರ ದೇವರೂ ತೆಗೆದುಕೊಡಲಾರ.

ಡಿಟಿಪಿ ಸೋಮವಾರಪೇಟೆ:

ನನ್ನದು ಬೇರೆ ಗೋಳು. ನನ್ನ ಹತ್ತಿರ ಎಲ್ಲವೂ ನನ್ನ ಕಂಪ್ಯೂಟರಿನಲ್ಲೇ ಇದೆ. ನೆಟ್ ಬೇಕಿಲ್ಲ, ಸರ್ವರ್ ಬೇಕಿಲ್ಲ. ಆದರೂ ನನ್ನದಲ್ಲ.

ಮದುವೆ ಕಾಗದ, ದೇವಸ್ಥಾನದ ಉತ್ಸವದ ಕರಪತ್ರ, ಸಂಘದ ವರದಿ, ಸ್ಮರಣ ಸಂಚಿಕೆ ಎಲ್ಲ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ, ನುಡಿ ಇಲ್ಲವೇ ಬರಹ ಎಂಬ ಕನ್ನಡ ಸಾಫ್ಟ್‌ವೇರಿನ ಫಾಂಟಿನಲ್ಲಿ ಮಾಡಿದ್ದು. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಓಡಿಸಲು ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನು ಇವತ್ತಿಗೂ ಸಾಕುತ್ತಿದ್ದೇನೆ. ಯಾವುದೋ ಸಂಘದವರು ಬಂದು ಹಳೇ ಸಂಚಿಕೆಯ ಲೇಖನವನ್ನು ವಾಟ್ಸಾಪ್‌ಗೆ ಹಾಕಿಕೊಡಿ ಅಂತಾರೆ. ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಯಾಕೆಂದರೆ ಆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್. ಫಾಂಟ್ ತೆಗೆದರೆ ಬಣ್ಣ ಬಯಲು.

ಆ ಕಾಲಕ್ಕೆ ಅದು ಬೇಕಿತ್ತು, ನಾನು ಬೈಯುವುದಿಲ್ಲ. 1998ರಲ್ಲಿ ಬರಹ ಬಂದಾಗ ಕನ್ನಡ ಟೈಪ್ ಮಾಡುವುದು ಎಷ್ಟು ಸುಲಭ ಆಯಿತು ಅಂತ ನಮಗೆ ಗೊತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ಇಲ್ಲದಿದ್ದರೆ ನನ್ನ ಬೆರಳುಗಳಿಗೆ ಅನ್ನವೇ ಇಲ್ಲ. ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಪ್ರಿಂಟಿಂಗ್ ಲೋಕ ಅದಕ್ಕೆ ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು?

ಏರೋಪ್ಲೇನ್ ಮೋಡ್ ಪರೀಕ್ಷೆ ಒಂದೇ ಸಾಲದು ಅಂತ ನನ್ನ ಅಭಿಪ್ರಾಯ. ಇಪ್ಪತ್ತು ವರ್ಷ ಆದ ಮೇಲೆ, ಬೇರೆ ಕಂಪ್ಯೂಟರಿನಲ್ಲಿ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯುತ್ತದಾ? ಇದನ್ನೂ ಕೇಳಬೇಕು.

ಬೆಟ್ಟದಸರ್ವರ್:

ಈ ಚರ್ಚೆಯಲ್ಲಿ ಇಲ್ಲಿವರೆಗೆ ಬಂದ ಒಳ್ಳೇ ಮಾತು ಇದು. ನನ್ನ ಪರೀಕ್ಷೆಗೆ ಇದನ್ನು ಸೇರಿಸಿಕೊಂಡೆ.

ಹಳೇ ಫೈಲುಗಳಿಗೆ ನುಡಿ, ಬರಹ ಎರಡರಿಂದಲೂ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ನೋಡಬೇಕು, ತಪ್ಪುಗಳು ಅಲ್ಲೇ ಜಾಸ್ತಿ. ಎಕ್ಸ್‌ಪಿ ಕಂಪ್ಯೂಟರ್ ಸಾಯುವ ಮೊದಲು ಎಲ್ಲವನ್ನೂ ಪಿಡಿಎಫ್ ಮಾಡಿಡಿ. ಅಕ್ಷರ ಆಮೇಲೆ ತೆಗೆಯೋಣ, ಮೊದಲು ಪುಟದ ರೂಪ ಉಳಿಯಲಿ. ಮತ್ತೆ ಆ ಎಕ್ಸ್‌ಪಿಯನ್ನು ನೆಟ್‌ಗೆ ಮಾತ್ರ ಸೇರಿಸಬೇಡಿ ಅಣ್ಣ. ಅದಕ್ಕೆ ಭದ್ರತಾ ಬೆಂಬಲ ನಿಂತದ್ದು 2014ರಲ್ಲಿ.

ಡಿಟಿಪಿ ಸೋಮವಾರಪೇಟೆ:

ನೆಟ್‌ಗೆ ಸೇರಿಸಲು ನೆಟ್ ಇರಬೇಕಲ್ವಾ. ಆ ವಿಷಯದಲ್ಲಿ ನಮ್ಮ ಮಳೆಗಾಲವೇ ನನ್ನ ಆ್ಯಂಟಿವೈರಸ್.

ಕುಶಾಲನಗರ ರಿಪೇರಿ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಅಂಗಡಿಯವನ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ವಿಂಡೋಸ್ 10 ಮುಗಿಯಿತು ಅಂತ ಗಾಬರಿಯಾಗಿ ಬರುವವರು ತುಂಬ. ಮೂರು ದಾರಿ ಇದೆ. ಒಂದು, ಮೈಕ್ರೋಸಾಫ್ಟ್ ಕೊಡುವ ಹೆಚ್ಚುವರಿ ಭದ್ರತಾ ಅಪ್‌ಡೇಟ್. ಮನೆ ಬಳಕೆಯವರಿಗೆ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಅಂತ ಕೊಟ್ಟರು. ಎರಡು, ರೂಫಸ್ ಎಂಬ ಸಾಧನದಿಂದ ಪೆನ್‌ಡ್ರೈವ್ ಮಾಡಿದರೆ ಟಿಪಿಎಂ ಮತ್ತು ಆನ್‌ಲೈನ್ ಖಾತೆಯ ತಪಾಸಣೆಯನ್ನು ತಪ್ಪಿಸಿ 11 ಹಾಕಬಹುದು. ಮಾಡಬಹುದು, ಆದರೆ ಮುಂದೆ ದೊಡ್ಡ ಅಪ್‌ಡೇಟ್ ಬಂದಾಗ ಏನಾಗುತ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ. ಮೂರು, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್. ಹಳೇ ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ ಹಾಕಿ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಕೊಟ್ಟರೆ ಹೊಸದರ ಹಾಗೆ ಓಡುತ್ತದೆ. ಇನ್‌ಸ್ಟಾಲ್ ಮಾಡಲು ನೆಟ್ಟೂ ಬೇಡ, ಖಾತೆಯೂ ಬೇಡ.

ಆದರೆ ಲಿನಕ್ಸ್ ಅಂದ ಕೂಡಲೇ ಗಿರಾಕಿ ಕೇಳುವ ಮೊದಲ ಪ್ರಶ್ನೆ, ಟ್ಯಾಲಿ ಓಡುತ್ತದಾ? ನೇರವಾಗಿ ಓಡುವುದಿಲ್ಲ. ಎರಡನೇ ಪ್ರಶ್ನೆ, ನುಡಿ ಇದೆಯಾ? ನುಡಿ ಸಾಫ್ಟ್‌ವೇರ್ ಅಲ್ಲ, ಆದರೆ ನುಡಿಯದೇ ಕೆಜಿಪಿ ಕೀಲಿಮಣೆ ಲಿನಕ್ಸಿನಲ್ಲಿ ಟೈಪ್ ಮಾಡಿಸುವ ಐಬಸ್‌ನಲ್ಲಿ ಇದೆ, ಯೂನಿಕೋಡಿನಲ್ಲೇ ಬರುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅವರು ಹೊಸ ಲ್ಯಾಪ್‌ಟಾಪ್ ರೇಟ್ ಕೇಳಿರುತ್ತಾರೆ. ನನಗೆ ಅದರಲ್ಲೇ ಲಾಭ ಜಾಸ್ತಿ, ಆದರೂ ಹೇಳುತ್ತೇನೆ: ಮಕ್ಕಳ ಓದಿಗೆ, ಪತ್ರ ಬರೆಯಲು, ಯೂಟ್ಯೂಬ್ ನೋಡಲು ಹೊಸತು ಬೇಡ.

ಸಾಫ್ಟ್‌ವೇರಿಗಿಂತ ನಮ್ಮ ಊರಿನ ಕಂಪ್ಯೂಟರನ್ನು ಕೊಲ್ಲುವುದು ಬೇರೆ. ಏಪ್ರಿಲ್, ಮೇ ಗುಡುಗಿಗೆ ಸುಟ್ಟ ರೌಟರ್‌ಗಳು ನನ್ನ ಹತ್ತಿರ ರಾಶಿ ಬಿದ್ದಿವೆ. ಫೈಬರ್ ಗಾಜಿನದು, ಅದರೊಳಗೆ ಸಿಡಿಲು ಬರುವುದಿಲ್ಲ, ಆದರೆ ಅಡಾಪ್ಟರಿನ ವೈರಿನಲ್ಲಿ ಬರುತ್ತದೆ. ಮೋಡ ಕಟ್ಟಿದರೆ ಪ್ಲಗ್ಗಿನಿಂದಲೇ ಕಳಚಿ, ಸ್ವಿಚ್ ಆರಿಸಿದರೆ ಸಾಲದು. ಮಳೆಗಾಲದ ತೇವಕ್ಕೆ ಮದರ್‌ಬೋರ್ಡಿನ ಮೇಲೆ ಬೂಸ್ಟು ಬೆಳೆಯುತ್ತದೆ. ತಿಂಗಳುಗಟ್ಟಲೆ ಮುಚ್ಚಿಡುವ ಬದಲು ದಿನಕ್ಕೆ ಸ್ವಲ್ಪ ಹೊತ್ತಾದರೂ ಆನ್ ಮಾಡಿ, ಅದರ ಬಿಸಿಯೇ ಔಷಧಿ.

ಹೋಂಸ್ಟೇ ಅಕ್ಕ:

ನನಗೆ ಲೋಕಲ್-ಫಸ್ಟ್ ಎಲ್ಲ ಗೊತ್ತಿಲ್ಲ. ಬೆಂಗಳೂರಿನಿಂದ ಬಂದವರು ಒಂದು ರೂಪಾಯಿ ಕ್ಯಾಶ್ ತರುವುದಿಲ್ಲ. ಹೊರಡುವ ಹೊತ್ತಿಗೆ ನೆಟ್ ಇಲ್ಲ. ಗೇಟಿನ ಹತ್ತಿರ ಫೋನ್ ಎತ್ತಿ ಹಿಡಿದು ನಿಲ್ಲುತ್ತಾರೆ. ಇದಕ್ಕೆ ಏನಾದರೂ ಇದ್ದರೆ ಹೇಳಿ, ಉಪಕಾರ ಆಗುತ್ತದೆ.

ಕೋಡ್‌ಕೂಲಿ:

ಅಕ್ಕ, ಡೇಟಾ ಇಲ್ಲದೆ ಬರೀ ಸಿಗ್ನಲ್ ಇದ್ದರೆ *99# ಇದೆ. ಕರೆ ಮಾಡುವ ಕಡೆಯೇ ಇದನ್ನು ಒತ್ತಿ ಡಯಲ್ ಮಾಡಿದರೆ ಮೆನು ಬರುತ್ತದೆ, ಅಲ್ಲಿಂದ ಯುಪಿಐ ಮಾಡಬಹುದು. ಒಂದು ಸಲಕ್ಕೆ 5000 ರೂಪಾಯಿ ಮಿತಿ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಆ ಫೋನಿನಲ್ಲೇ ಇರಬೇಕು. ಟವರೇ ಸತ್ತಿದ್ದರೆ ಇದೂ ಇಲ್ಲ. ಅದಕ್ಕೆ ಬರುವ ದಿನವೇ, ನೆಟ್ ಇರುವಾಗಲೇ ಪೂರ್ತಿ ತೆಗೆದುಕೊಂಡುಬಿಡಿ.

ಹೋಂಸ್ಟೇ ಅಕ್ಕ:

ಊಟಕ್ಕೆ ಮುಂಚೆ ಬಿಲ್ ಕೊಟ್ಟರೆ ನೆಂಟರು ಮುಖ ಸಿಂಡರಿಸುತ್ತಾರೆ. ನೋಡೋಣ.

ಅಮ್ಮತ್ತಿ 5ಜಿ:

ಎಲ್ಲರೂ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಉಪಗ್ರಹದಿಂದ ನೇರ ನೆಟ್ ಕೊಡುವ ಸ್ಟಾರ್‌ಲಿಂಕ್ ಬರಲಿ, ಟವರೂ ಬೇಡ ಕಂಬವೂ ಬೇಡ. ಸಮಸ್ಯೆ ಮುಗಿಯಿತು.

ಬೆಟ್ಟದಸರ್ವರ್:

ಬರಲಿ, ನಾನೂ ಖುಷಿಪಡುತ್ತೇನೆ. 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಸಿಕ್ಕಿತು. ಆದರೆ ಮೂರು ವಿಷಯ ನೋಡಿ. ಡಿಷ್‌ಗೆ ಆಕಾಶ ತೆರೆದಿರಬೇಕು. ತೋಟದ ಮಧ್ಯದ ಮನೆಗೆ ಸುತ್ತ ನೆರಳಿನ ಮರ, ಆಕಾಶ ಕಾಣುವುದೇ ಅಂಗಳದ ಅಗಲಕ್ಕೆ. ಎರಡನೆಯದು, ಅದು ಬಳಸುವ ಕೆಯು ಬ್ಯಾಂಡ್ ತರಂಗಗಳು ಜೋರು ಮಳೆಯಲ್ಲಿ ಸೊರಗುತ್ತವೆ. ಡಿಟಿಎಚ್ ಟಿವಿ ಮಳೆಗೆ ನಿಲ್ಲುವುದೂ ಇದೇ ಕಾರಣಕ್ಕೆ. ಮೂರನೆಯದು, ಡಿಷ್‌ಗೂ ಕರೆಂಟು ಬೇಕು, ಮೊಬೈಲ್ ಚಾರ್ಜರಿನಷ್ಟು ಅಲ್ಲ, ಒಂದು ಫ್ಯಾನಿನಷ್ಟು. ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ?

ಮಾದಾಪುರದಂಥ ಕಡೆ ಅದು ಉಪಯೋಗಕ್ಕೆ ಬಂದೀತು. ಆದರೂ ನೆಟ್ ಸರಿಮಾಡಿದರೆ ಸಾಫ್ಟ್‌ವೇರ್ ಹೇಗಿದ್ದರೂ ನಡೆಯುತ್ತದೆ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನಿಂದ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ಕ್ಕೆ ತೆಗೆದುಹಾಕಿತು. ಅದಕ್ಕೆ ನೆಟ್ ಎಷ್ಟು ವೇಗ ಇದ್ದರೆ ಏನು?

ಶನಿವಾರಸಂತೆ ಮೇಷ್ಟ್ರು:

ಶಾಲೆಯಲ್ಲಿ ಏನು ಮಾಡಬಹುದು ಅಂತ ಕೇಳುವವರಿಗೆ ಒಂದು ಮಾತು. ಕಿವಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇಡೀ ವಿಕಿಪೀಡಿಯಾವನ್ನು ಒಂದು ಫೈಲಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಇಂಗ್ಲಿಷಿನದು ಚಿತ್ರಗಳ ಸಮೇತ 100 ಜಿಬಿ ದಾಟುತ್ತದೆ. ಕನ್ನಡದ್ದು ಅದರ ಮುಂದೆ ತುಂಬ ಚಿಕ್ಕದು, ಪೆನ್‌ಡ್ರೈವಿನಲ್ಲಿ ಆರಾಮಾಗಿ ಕೂರುತ್ತದೆ. ಒಂದು ಕಂಪ್ಯೂಟರಿನಲ್ಲಿ ಹಾಕಿ, ಒಂದು ರೌಟರ್ ಇಟ್ಟರೆ ಲ್ಯಾಬಿನ ಉಳಿದ ಕಂಪ್ಯೂಟರುಗಳೂ ಅದನ್ನೇ ಓದುತ್ತವೆ. ರೌಟರಿಗೆ ಹೊರಗಿನ ನೆಟ್ ಬೇಕಿಲ್ಲ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ. ವೈಫೈ ಅಂದರೆ ಇಂಟರ್‌ನೆಟ್ ಅಂತಲೇ ತಿಳಿದಿದ್ದಾರೆ.

ಕನ್ನಡ ವಿಕಿಪೀಡಿಯಾ 2003ರಲ್ಲಿ ಶುರುವಾದದ್ದು. ಲೇಖನಗಳು 30 ಸಾವಿರ ದಾಟಿವೆ. ಕೊಡಗಿನ ಹಳ್ಳಿಗಳ ಬಗ್ಗೆ ಇರುವುದನ್ನು ಓದಿದರೆ ಬೇಸರವಾಗುತ್ತದೆ. ಮಕ್ಕಳು ಮೊದಲು ಹುಡುಕುವುದೇ ತಮ್ಮ ಊರನ್ನು. ಸಾಫ್ಟ್‌ವೇರ್ ಬಗ್ಗೆ ಇಷ್ಟು ಬರೆದವರು ಅಲ್ಲೂ ನಾಲ್ಕು ಸಾಲು ಬರೆಯಿರಿ.

ಅಮ್ಮತ್ತಿ 5ಜಿ:

ಮೇಷ್ಟ್ರೇ, ಈಗಿನ ಮಕ್ಕಳು ವಿಕಿಪೀಡಿಯಾ ಎಲ್ಲಿ ನೋಡುತ್ತಾರೆ? ಎಐ ಕೇಳುತ್ತಾರೆ.

ಶನಿವಾರಸಂತೆ ಮೇಷ್ಟ್ರು:

ನೆಟ್ ಇದ್ದಾಗ ಕೇಳುತ್ತಾರೆ. ಇಲ್ಲದಾಗ ನನ್ನನ್ನು ಕೇಳುತ್ತಾರೆ.

ಕೋಡ್‌ಕೂಲಿ:

ಎಐ ಕೂಡ ನೆಟ್ ಇಲ್ಲದೆ ಓಡಿಸಬಹುದು. 2023ರಲ್ಲಿ ಬಂದ ಲಾಮಾ.ಸಿಪಿಪಿ ಎಂಬ ಉಚಿತ ಪ್ರೋಗ್ರಾಮಿನ ನಂತರ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸಣ್ಣ ಮಾದರಿಗಳು ಓಡುತ್ತವೆ. 700 ಕೋಟಿ ಪ್ಯಾರಾಮೀಟರಿನ ಮಾದರಿಯನ್ನು ಒತ್ತಿ ಚಿಕ್ಕದು ಮಾಡಿದರೆ ನಾಲ್ಕೈದು ಜಿಬಿಯಲ್ಲಿ ಹಿಡಿಯುತ್ತದೆ. ಇಂಗ್ಲಿಷಿಗೆ ಪರವಾಗಿಲ್ಲ. ಕನ್ನಡದಲ್ಲಿ ಮಾತ್ರ ಅಷ್ಟು ಚಿಕ್ಕ ಮಾದರಿಗಳು ತೊದಲುತ್ತವೆ, ವಿಶ್ವಾಸದಿಂದ ಸುಳ್ಳು ಬೇರೆ ಹೇಳುತ್ತವೆ. ಮಕ್ಕಳ ಕೈಗೆ ಕೊಡುವಷ್ಟು ಆಗಿಲ್ಲ.

ಏಲಕ್ಕಿಮಲೆ:

ನಾನು ಬೆಳೆಗಾರ. ಇಲ್ಲಿ ಯಾರೂ ಕಾಫಿ ವಿಷಯ ಎತ್ತಲಿಲ್ಲವಲ್ಲ ಅಂತ ಬಂದೆ.

ಯುರೋಪಿನವರು 2023ರಲ್ಲಿ ಒಂದು ಕಾನೂನು ತಂದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ಅದಕ್ಕೆ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತ ಗೆರೆ ಎಳೆದು ಕೊಡಬೇಕು. ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ, ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಅಂತ ಮಾಡಿದರು. ಬಂದಾಗ ಬರಲಿ, ಕೊಡಬೇಕಾದ್ದು ನಾವೇ.

ಈಗ ನನ್ನ ಪ್ರಶ್ನೆ. ತೋಟದ ಮೂಲೆಯಲ್ಲಿ ನೆಟ್ ಇಲ್ಲ. ಫೋನಿನ ಜಿಪಿಎಸ್ ಅಲ್ಲಿ ಕೆಲಸ ಮಾಡುತ್ತದಾ ಇಲ್ಲವಾ? ಒಬ್ಬರು ಮಾಡುತ್ತದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ.

ಬೆಟ್ಟದಸರ್ವರ್:

ಮಾಡುತ್ತದೆ. ಜಿಪಿಎಸ್‌ಗೂ ಇಂಟರ್‌ನೆಟ್‌ಗೂ ಸಂಬಂಧ ಇಲ್ಲ. ಉಪಗ್ರಹ ಹೇಳುತ್ತಾ ಹೋಗುತ್ತದೆ, ಫೋನು ಕೇಳಿಸಿಕೊಳ್ಳುತ್ತದೆ. ನೆಟ್ ಬೇಕಿರುವುದು ಹಿಂದೆ ಕಾಣುವ ನಕ್ಷೆಗೆ. ನಕ್ಷೆ ಬಿಳಿ ಹಾಳೆಯಾದರೂ ನೀಲಿ ಚುಕ್ಕೆ ಸರಿಯಾಗಿಯೇ ಇರುತ್ತದೆ.

ಇಬ್ಬರು ಎರಡು ತರ ಹೇಳಲು ಕಾರಣ ಇದೆ. ಉಪಗ್ರಹಗಳು ಎಲ್ಲಿವೆ ಅನ್ನುವ ಪಟ್ಟಿಯನ್ನು ಫೋನು ಸಾಮಾನ್ಯವಾಗಿ ನೆಟ್‌ನಿಂದ ತೆಗೆದುಕೊಳ್ಳುತ್ತದೆ, ಕ್ಷಣದಲ್ಲಿ ಜಾಗ ಸಿಗುತ್ತದೆ. ನೆಟ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಬೇಕು. ಅದು ಕಳಿಸುವ ವೇಗ ಸೆಕೆಂಡಿಗೆ 50 ಬಿಟ್. ಹಳೇ ಟೆಲಿಪ್ರಿಂಟರಿನಷ್ಟು. ಒಂದು ಉಪಗ್ರಹದ ವಿವರ ಬರಲು ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿಗೆ 12 ನಿಮಿಷ 30 ಸೆಕೆಂಡ್. ಮರದಡಿ ನಡುವೆ ತಪ್ಪಿ ಹೋದರೆ ಮತ್ತೆ ಮೊದಲಿಂದ. ಒಂದು ನಿಮಿಷ ನೋಡಿ ಆಗುವುದಿಲ್ಲ ಅಂತ ಜೇಬಿಗೆ ಹಾಕಿಕೊಂಡವರು ಇಲ್ಲ ಅಂತಾರೆ. ಮನೆಯಂಗಳದಲ್ಲಿ ನೆಟ್ ಇರುವಾಗಲೇ ನಕ್ಷೆಯ ಆ್ಯಪ್ ತೆರೆದು ಚುಕ್ಕೆ ಬರಿಸಿಕೊಂಡು, ಹಾಗೇ ನಡೆದುಕೊಂಡು ಹೋಗಿ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಇವೆರಡರಲ್ಲಿ ನಕ್ಷೆಯನ್ನೂ ಮೊದಲೇ ಇಳಿಸಿಡಬಹುದು, ನಡೆದ ದಾರಿಯನ್ನು ಫೈಲಾಗಿ ಉಳಿಸಬಹುದು.

ಒಂದು ತಮಾಷೆ ಹೇಳುತ್ತೇನೆ. ಆ ಕಾನೂನು ದಶಮಾಂಶದ ನಂತರ ಆರು ಅಂಕಿ ಕೇಳುತ್ತದೆ. ಆರನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಬಯಲಿನಲ್ಲೇ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಇರುತ್ತದೆ, ಸಿಲ್ವರ್ ಓಕ್ ಅಡಿಯಲ್ಲಿ ಇನ್ನೂ ಜಾಸ್ತಿ. ಅವರು ಒಂದು ಕಾಫಿ ಗಿಡದ ಬುಡ ಕೇಳುತ್ತಿದ್ದಾರೆ, ನಾವು ಪಕ್ಕದ ಸಾಲಿನ ಗಿಡ ತೋರಿಸುತ್ತಿದ್ದೇವೆ.

ಏಲಕ್ಕಿಮಲೆ:

ಈಗ ಅರ್ಥ ಆಯಿತು. ಹಾಗಾದರೆ ಇನ್ನೊಂದು. ನಮ್ಮ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಇನ್ನೂ ಹಾಜರಿ ಪುಸ್ತಕದಲ್ಲೇ ಬರೆಯುವುದು. ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದರು, ಚಂದಾ ಕಟ್ಟಿಸಿಕೊಂಡರು. ಕಣದಲ್ಲಿ ನಿಂತು ತೂಕ ಹಾಕುವಾಗ ಅದು ತೆರೆಯಲೇ ಇಲ್ಲ. ರೈಟರ್ ಪೆನ್ಸಿಲ್ ತೆಗೆದ. ನನಗೆ ಬೇಕಾದದ್ದು ಇಷ್ಟೇ: ಯಾವ ಆಳು, ಎಷ್ಟು ಕೆಜಿ ಹಣ್ಣು, ಕೊಟ್ಟ ಮುಂಗಡ ಎಷ್ಟು, ವಾರದ ಕೊನೆಗೆ ಕೈಗೆ ಎಷ್ಟು. ಕನ್ನಡದಲ್ಲಿ.

ಕೋಡ್‌ಕೂಲಿ:

ಅಣ್ಣ, ಇದರಲ್ಲಿ ಗೊಬ್ಬರದ ಮೂಟೆಯ ಸಮಸ್ಯೆ ಇಲ್ಲ. ಬರೆಯುವವರು ರೈಟರ್ ಒಬ್ಬರೇ. ಬೆಟ್ಟದಸರ್ವರ್ ಹೇಳಿದ ಹಾಗೆ ಎಲ್ಲವನ್ನೂ ಫೋನಿನಲ್ಲೇ ಇಡಬಹುದು.

ಇದಕ್ಕೆ ಎಸ್‌ಕ್ಯೂಲೈಟ್ ಸಾಕು. 2000ದಲ್ಲಿ ಶುರುವಾದ ಡೇಟಾಬೇಸ್, ನಿಮ್ಮ ಫೋನಿನಲ್ಲಿ ಈಗಾಗಲೇ ಇದೆ. ಇಡೀ ಲೆಕ್ಕ ಒಂದೇ ಫೈಲಿನಲ್ಲಿ ಇರುತ್ತದೆ. ಆ ಫೈಲನ್ನು ವಾಟ್ಸಾಪ್‌ನಲ್ಲಿ ನಿಮಗೆ ಕಳಿಸಿದರೆ ಅದೇ ಬ್ಯಾಕಪ್. ಮಾಡಿದವರು 2050ರವರೆಗೆ ಬೆಂಬಲ ಕೊಡುತ್ತೇವೆ ಅಂದಿದ್ದಾರೆ, ಡಿಟಿಪಿಯವರ ಇಪ್ಪತ್ತು ವರ್ಷದ ಪರೀಕ್ಷೆಯಲ್ಲೂ ಪಾಸು. ನಾನು ಬರೆದುಕೊಡುತ್ತೇನೆ, ಮೂಲವನ್ನೂ ಇಲ್ಲೇ ಹಾಕುತ್ತೇನೆ, ಬೇಕಾದವರು ತಿದ್ದಿಕೊಳ್ಳಲಿ.

ಎರಡು ವಿಷಯ ಮೊದಲೇ ಹೇಳಿಬಿಡಿ. ಮುಂಗಡವನ್ನು ಒಂದೇ ವಾರದಲ್ಲಿ ಮುರಿಯುತ್ತೀರಾ, ಸ್ವಲ್ಪ ಸ್ವಲ್ಪವಾಗಿ ಹಿಡಿಯುತ್ತೀರಾ? ಮತ್ತೆ ಒಂದೇ ಹೆಸರಿನವರು ಇಬ್ಬರಿದ್ದರೆ ರೈಟರ್ ಪುಸ್ತಕದಲ್ಲಿ ಹೇಗೆ ಗುರುತು ಹಾಕುತ್ತಾರೆ?

ಏಲಕ್ಕಿಮಲೆ:

ಸ್ವಲ್ಪ ಸ್ವಲ್ಪವಾಗಿ. ಎಷ್ಟು ಹಿಡಿಯಬೇಕು ಅಂತ ಆಳಿಗೆ ಆಳಿಗೆ ಬೇರೆ, ಹಬ್ಬದ ವಾರ ಹಿಡಿಯುವುದೇ ಇಲ್ಲ. ಅದನ್ನು ಕೈಯಲ್ಲೇ ಹಾಕುವ ಹಾಗಿರಲಿ, ಆ್ಯಪ್ ತಾನಾಗಿ ಕಳೆಯಬಾರದು. ಒಂದೇ ಹೆಸರಿನವರಿಗೆ ತೋಟದ ಆಳುಗಳು ಇರುವ ಲೈನ್ ಮನೆಯ ನಂಬರ್ ಬರೆಯುತ್ತಾನೆ. ಹೊರಗಿಂದ ಬರುವವರಿಗೆ ಮೇಸ್ತ್ರಿಯ ಹೆಸರು.

ಕೋಡ್‌ಕೂಲಿ:

ಸರಿ. ಪುಸ್ತಕದ ಒಂದು ಪುಟದ ಫೋಟೋ ಕಳಿಸಿ, ಹೆಸರುಗಳನ್ನು ಮುಚ್ಚಿ. ಕಾಲಮ್‌ಗಳನ್ನು ರೈಟರ್ ಹಾಕಿದ ಕ್ರಮದಲ್ಲೇ ಇಡುತ್ತೇನೆ.